ಮೊದಲ ನೀರಿಗೆ ಕಾದ 56 ಗಂಟೆ

ನನ್ನ ಮಗಳು ಹುಟ್ಟಿದ್ದು 2017ರ ಜುಲೈ ತಿಂಗಳಲ್ಲಿ, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆರಿಗೆಯಾಗಿ ಮುಕ್ಕಾಲು ಗಂಟೆಯೂ ಕಳೆದಿರಲಿಲ್ಲ. ಅಷ್ಟರಲ್ಲಿ ಆಯಾ ಒಬ್ಬರು ಅವಳಿಗೆ ಬೆಚ್ಚಗಿನ ನೀರು ಹಾಕಿ, ಸೋಪು ಹಚ್ಚಿ ತೊಳೆದು, ಪೌಡರ್ ಪೂಸಿ, ಹೊಸ ಅಂಗಿ ತೊಡಿಸಿ, ಹೊರಗೆ ಕಾದು ನಿಂತಿದ್ದ ಬಂಧುಗಳ ಕೈಗೆ ಕೊಟ್ಟಿದ್ದರು. ಎಲ್ಲರೂ ಎತ್ತಿಕೊಂಡು, ಫೋಟೋ ತೆಗೆಸಿಕೊಂಡು, ಪೇಢೆ ಹಂಚಿ ಮುಗಿದ ಮೇಲೆ ಕೂಸು ನನ್ನ ಮಗ್ಗುಲಿಗೆ ಬಂತು. ಪಾದ ಮುಟ್ಟಿದರೆ ತಣ್ಣಗೆ ಕಲ್ಲಿನಂತಿದ್ದವು. ಎದೆಗೆ ಹಚ್ಚಿದರೆ ಬಾಯಿ ತೆರೆಯಲಿಲ್ಲ, ಅಳಲೂ ಇಲ್ಲ. "ಶಾಣ್ಯಾ ಕೂಸು, ತಾಯಿಗೆ ತ್ರಾಸ ಕೊಡೂದಿಲ್ಲ" ಎಂದು ಯಾರೋ ಹೊಗಳಿದ್ದು ನನಗೆ ಇಂದಿಗೂ ನೆನಪಿದೆ. ಒಂದು ತಾಸಿನ ನಂತರ ಬಂದ ಮಕ್ಕಳ ವೈದ್ಯರು ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 35.6 ಡಿಗ್ರಿ ಸೆಲ್ಸಿಯಸ್ ಇತ್ತು.

ನವಜಾತ ಶಿಶುವಿನ ಮೈಶಾಖ 36.5ರಿಂದ 37.5ರ ನಡುವೆ ಇರಬೇಕು, 36ಕ್ಕಿಂತ ಕೆಳಗಿಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದು ನನಗೆ ಅಂದೇ ಗೊತ್ತಾಗಿದ್ದು. ಮಗಳನ್ನು ವಾರ್ಮರ್ ಕೆಳಗೆ ನಾಲ್ಕು ತಾಸು ಮಲಗಿಸಿದರು, ಹಿಮ್ಮಡಿ ಚುಚ್ಚಿ ರಕ್ತದ ಸಕ್ಕರೆ ನೋಡಿದರು, ಅದು ಕಡಿಮೆ ಬಂದದ್ದರಿಂದ ಪುಡಿಹಾಲು ಕುಡಿಸಿದರು. ಅವಳು ನನ್ನ ಎದೆಗೆ ಸರಿಯಾಗಿ ಬಾಯಿ ಹಚ್ಚಿದ್ದು ಮರುದಿನ ಮುಂಜಾನೆ. ಆಯಾ ಕೆಟ್ಟ ಮನಸ್ಸಿನಿಂದ ಮಾಡಿದ್ದೇನೂ ಅಲ್ಲ. ಕೂಸನ್ನು ಚೊಕ್ಕಟ ಮಾಡಿ ತೋರಿಸಬೇಕೆಂದು ಹೊರಗೆ ಅವಸರ ಪಟ್ಟವರು ನಮ್ಮ ಮನೆಯವರೇ ಆಗಿದ್ದರು. ಆದರೂ ಆ ನಾಲ್ಕು ತಾಸು ನನ್ನೊಳಗೆ ಮುಳ್ಳಿನಂತೆ ಉಳಿದಿದ್ದವು.

ಆರು ವರ್ಷಗಳ ನಂತರ ಮತ್ತೆ ಗರ್ಭಿಣಿಯಾದಾಗ ತವರುಮನೆ ಬ್ಯಾಡಗಿಗೆ ಹೋಗಿ, ಹಾವೇರಿಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸಿಕೊಳ್ಳುವುದೆಂದು ನಿರ್ಧರಿಸಿದೆವು. ಏಳನೆಯ ತಿಂಗಳ ತಪಾಸಣೆಗೆ ಅವ್ವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ, ಅದು ಬೇಕೆಂದೇ ಮಾಡಿದ್ದು. ಬಾಣಂತಿಯಾಗಿ ಹಾಸಿಗೆಯಲ್ಲಿ ಬಿದ್ದವಳ ಮಾತು ನಮ್ಮ ಕಡೆ ಎಷ್ಟು ನಡೆಯುತ್ತದೆ ಎಂಬುದು ಮೊದಲ ಹೆರಿಗೆಯಲ್ಲಿಯೇ ನನಗೆ ತಿಳಿದಿತ್ತು. ಕೂಸಿನ ವಿಷಯದಲ್ಲಿ ಯಾರ ಮಾತು ನಡೆಯುತ್ತದೆಯೋ ಅವರಿಗೇ ವೈದ್ಯರ ಮಾತು ನೇರವಾಗಿ ತಲುಪಬೇಕಾಗಿತ್ತು. ಹಾಗಾಗಿ ರಕ್ತದೊತ್ತಡ, ಕಬ್ಬಿಣದ ಗುಳಿಗೆಗಳ ಮಾತು ಮುಗಿದ ಮೇಲೆ, ಕೂಸಿಗೆ ಮೊದಲ ಸಲ ಯಾವಾಗ ಎರೆಯಬೇಕು ಎಂದು ಅವ್ವನ ಎದುರಿನಲ್ಲಿಯೇ ಕೇಳಿದೆ.

ಹೊರಗಿನವರಿಗಾಗಿ ಒಂದು ಮಾತು. ನಮ್ಮ ಭಾಗದಲ್ಲಿ ಕೂಸಿಗೆ ಸ್ನಾನ ಮಾಡಿಸುತ್ತಾರೆ ಎನ್ನುವುದಿಲ್ಲ, ಎರೆಯುತ್ತಾರೆ ಎನ್ನುತ್ತೇವೆ. ಎರೆಯುವುದೆಂದರೆ ಎಣ್ಣೆ ತಿಕ್ಕುವುದು, ಕಾಲ ಮೇಲೆ ಬೋರಲು ಮಲಗಿಸಿಕೊಂಡು ತಂಬಿಗೆಯಿಂದ ನೀರು ಹೊಯ್ಯುವುದು, ಒರೆಸಿ, ಹೊಗೆ ಹಿಡಿದು, ಕುಂಚಿಗೆ ಕಟ್ಟಿ, ಸುತ್ತಿ ಮಲಗಿಸುವುದು, ಎಲ್ಲವೂ ಕೂಡಿ. ಅದೊಂದು ದೊಡ್ಡ ಕೆಲಸ, ಅದರಲ್ಲಿ ಪಳಗಿದ ಕೈಗಳು ಓಣಿಗೊಂದೋ ಎರಡೋ ಇರುತ್ತವೆ.

ಡಾಕ್ಟರ್ ಮೇಡಂ ಉತ್ತರ ಚಿಕ್ಕದಾಗಿತ್ತು. "ಕಡಿಮಿ ಅಂದ್ರ 24 ತಾಸು ಬಿಡಬೇಕು. ಕೂಸು ಸಣ್ಣದಿದ್ದರ ಇನ್ನೂ ತಡಾ." ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. 2013ರ ಅದರ ಸೂಚನೆಯಲ್ಲಿ 24 ಗಂಟೆ ಕಾಯಬೇಕೆಂದೂ, ಸಂಪ್ರದಾಯದ ಕಾರಣದಿಂದ ಅದು ಸಾಧ್ಯವೇ ಇಲ್ಲದಿದ್ದರೆ ಕನಿಷ್ಠ 6 ಗಂಟೆಯಾದರೂ ತಡೆಯಬೇಕೆಂದೂ ಇದೆ. ಆ ಆರು ಗಂಟೆಯ ರಿಯಾಯಿತಿಯನ್ನು ಮೇಡಂ ಅವ್ವನ ಎದುರಿಗೆ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಅದನ್ನು ಆಮೇಲೆ ಓದಿಕೊಂಡೆ, ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಆರು ಎಂದು ಕೇಳಿದ್ದರೆ ನಮ್ಮವರು ಮೂರಕ್ಕೇ ಬಚ್ಚಲ ಒಲೆಗೆ ಉರಿ ಹಚ್ಚುವವರು.

ಅವ್ವ ಸುಮ್ಮನೆ ಒಪ್ಪಲಿಲ್ಲ. "ಬಿಸಿನೀರಾಗ ಎರದರ ಥಂಡಿ ಹೆಂಗ ಆಗತೈತ್ರಿ?" ಎಂದು ಕೇಳಿದಳು. ಪ್ರಶ್ನೆಯೇನೋ ನ್ಯಾಯವಾದದ್ದೇ. ಮೇಡಂ ತಮ್ಮ ಮೇಜಿನ ಮೇಲಿದ್ದ ನೀರಿನ ಬಾಟಲಿ ತೋರಿಸಿ, "ಈ ನೀರು ಬಿಸಲಿಗೆ ಬಿಸಿ ಆಗತೈತಿ. ನಿಮ್ಮ ಮನ್ಯಾಗಿನ ಹರವಿ ನೀರು ಯಾಕ ತಣ್ಣಗಿರತೈತಿ ಹೇಳ್ರಿ ನೋಡೋಣ" ಎಂದರು. ಹರವಿಯೆಂದರೆ ನೀರು ತುಂಬಿಡುವ ಮಣ್ಣಿನ ಗಡಿಗೆ. ಅವ್ವ ಥಟ್ಟನೆ, "ಹರವಿ ಹೊರಮೈ ಹಸಿ ಇರತೈತಲ್ರಿ" ಎಂದಳು. "ಹಂಗಾದ್ರ ಹಸಿಮೈ ಕೂಸೂ ಹರವಿನ. ನೀರು ಬಿಸಿ ಇರಲಿ, ತಣ್ಣಗಿರಲಿ, ಮೈ ಮ್ಯಾಲಿನ ನೀರು ಆರುವಾಗ ಒಳಗಿನ ಕಾವು ಹೊತ್ಕೊಂಡ ಹೋಗತೈತಿ."

ಆ ಮಾತು ಅವ್ವನ ತಲೆಯಲ್ಲಿ ಕೂತಿತು. ಅದರ ಮೇಲೆ ಮೇಡಂ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಒಂಬತ್ತು ತಿಂಗಳು 37 ಡಿಗ್ರಿಗಿಂತ ತುಸು ಹೆಚ್ಚಿನ ಬಿಸುಪಿನಲ್ಲಿ ಇದ್ದ ಜೀವ ಒಂದೇ ನಿಮಿಷದಲ್ಲಿ ಹತ್ತು ಹನ್ನೆರಡು ಡಿಗ್ರಿ ಕಡಿಮೆ ಇರುವ ಕೋಣೆಗೆ, ಅದೂ ತೊಯ್ದ ಮೈಯಲ್ಲಿ ಬಂದು ಬೀಳುತ್ತದೆ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಬಹಳ ಹೆಚ್ಚು, ತಲೆಯಂತೂ ಮೈಯ ಕಾಲುಭಾಗದಷ್ಟು. ನಮಗೆ ಚಳಿಯಾದರೆ ನಡುಗಿ ಕಾವು ಹುಟ್ಟಿಸಿಕೊಳ್ಳುತ್ತೇವೆ, ಕೂಸಿಗೆ ಹಾಗೆ ನಡುಗಲು ಬರುವುದಿಲ್ಲ. ಅದಕ್ಕಿರುವುದು ಬೆನ್ನು, ಕುತ್ತಿಗೆ, ಕಂಕುಳುಗಳ ಸುತ್ತ ಕೂಡಿಟ್ಟುಕೊಂಡ ಕಂದು ಕೊಬ್ಬು. ಅದನ್ನು ಸುಡುವುದಕ್ಕೆ ಸಕ್ಕರೆಯೂ ಬೇಕು, ಆಮ್ಲಜನಕವೂ ಬೇಕು. ಹುಟ್ಟಿದ ಮೊದಲ ತಾಸಿನಲ್ಲಿ ಮೈ ತೊಳೆದರೆ ಕೂಸು ಆ ಗಂಟನ್ನೆಲ್ಲ ಬಿಚ್ಚಿ ಖರ್ಚು ಮಾಡಬೇಕಾಗುತ್ತದೆ. ನನ್ನ ಮಗಳ ಪಾದ ತಣ್ಣಗಾದದ್ದು, ಸಕ್ಕರೆ ಇಳಿದದ್ದು, ಹಾಲು ಕುಡಿಯಲು ತ್ರಾಣವಿಲ್ಲದೆ ಮಲಗಿದ್ದು ಬೇರೆ ಬೇರೆ ಸಂಗತಿಗಳಲ್ಲ, ಒಂದೇ ಸರಪಳಿ ಎಂಬುದು ಅಂದು ಆ ಕುರ್ಚಿಯಲ್ಲಿ ಕುಳಿತಾಗ ನನಗೆ ಅರ್ಥವಾಯಿತು. ಸಾಧು ಕೂಸೆಂದು ಹೊಗಳಿಸಿಕೊಂಡ ಅವಳು ನಿಜವಾಗಿ ಸೋತು ಮಲಗಿದ್ದಳು.

ಎಲ್ಲರಿಗೂ ಒಂದೇ ಲೆಕ್ಕ ಎಂದು ಮೇಡಂ ಹೇಳಲಿಲ್ಲ, ಅದನ್ನೂ ಬರೆಯಬೇಕು. ತಾಯಿಗೆ ಎಚ್‌ಐವಿ ಅಥವಾ ಹೆಪಟೈಟಿಸ್ ಬಿ ಇದ್ದಾಗ, ಮೈಮೇಲಿನ ರಕ್ತದಿಂದ ಸೋಂಕು ತಗಲದಿರಲೆಂದು ಕೂಸಿನ ಮೈಶಾಖ ಸ್ಥಿರವಾದ ಕೂಡಲೇ ತೊಳೆಯಲು ವೈದ್ಯರೇ ಹೇಳುವುದುಂಟು. ನನ್ನ ರಕ್ತದ ವರದಿಗಳನ್ನು ತಿರುವಿ ಹಾಕಿ, ಅಂಥದ್ದೇನೂ ಇಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಅವರು 24 ತಾಸು ಎಂದದ್ದು.

ಹೆರಿಗೆಯ ನೋವು ಆರಂಭವಾದದ್ದು 2024ರ ಸಂಕ್ರಾಂತಿಯ ಸಂಜೆ. ಅಂದು ಮುಂಜಾನೆ ಮನೆಯಲ್ಲಿ ಎಲ್ಲರೂ ಎಳ್ಳು ಹಚ್ಚಿಕೊಂಡು ಮಿಂದಿದ್ದರು. ನಮ್ಮ ಅಣ್ಣಂದಿರು ಗಳಗನಾಥಕ್ಕೆ ಹೋಗಿ ತುಂಗಭದ್ರೆಯಲ್ಲಿ ಮುಳುಗಿ ಬಂದಿದ್ದರು. ಊರಿಗೆ ಊರೇ ನೀರಿಗಿಳಿಯುವ ಹಬ್ಬದ ಮರುದಿನ, 16ನೇ ತಾರೀಖು ಮಂಗಳವಾರ ನಸುಕಿನ 4 ಗಂಟೆ 20 ನಿಮಿಷಕ್ಕೆ, ನೀರು ಕಾಣಬಾರದ ಕೂಸು ನಮ್ಮ ಮನೆಗೆ ಬಂತು. ಗಂಡು ಮಗು, ತೂಕ 2 ಕಿಲೋ 700 ಗ್ರಾಂ.

ಈ ಸಲ ನಡೆದದ್ದೇ ಬೇರೆ. ಕೈಗವಸು ತೊಟ್ಟ ಸಿಸ್ಟರ್ ಒಣ ಟವೆಲಿನಿಂದ ಅವನ ತಲೆ, ಬೆನ್ನು, ಕೈಕಾಲುಗಳನ್ನು ಚೆನ್ನಾಗಿ ಒರೆಸಿದರು, ತೊಯ್ದ ಟವೆಲನ್ನು ತೆಗೆದೊಗೆದು ಬೇರೊಂದು ಬೆಚ್ಚಗಿನ ಬಟ್ಟೆ ತಂದರು, ಬರಿಮೈಯಲ್ಲೇ ನನ್ನ ಎದೆಯ ಮೇಲೆ ಅಡ್ಡ ಮಲಗಿಸಿ, ತಲೆಗೆ ಟೊಪ್ಪಿಗೆ ಹಾಕಿ, ಇಬ್ಬರ ಮೇಲೂ ಸೇರಿಸಿ ಬಟ್ಟೆ ಹೊದಿಸಿದರು. ಒರೆಸುವುದು ಬೇರೆ, ತೊಳೆಯುವುದು ಬೇರೆ. ಒರೆಸದೆ ಬಿಟ್ಟರೆ ಕೂಸು ಹರವಿಯಂತೆ ತಣಿಯುತ್ತದೆ, ಆದ್ದರಿಂದ ನೀರು ಹಾಕುವುದನ್ನು ಮುಂದೂಡುವವರು ಒರೆಸುವುದನ್ನು ಮುಂದೂಡಬಾರದು. ಕಿವಿಯ ಹಿಂದೆ ಮತ್ತು ಕೂದಲಲ್ಲಿ ಅಂಟಿದ್ದ ರಕ್ತವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ತೆಗೆದರು. ಬಿಳಿ ಲೇಪವನ್ನು ಮಾತ್ರ ಮುಟ್ಟಲಿಲ್ಲ.

ಆ ಲೇಪವನ್ನು ಮೊದಲ ಹೆರಿಗೆಯಲ್ಲಿ ನಾನು ನೋಡಿಯೇ ಇರಲಿಲ್ಲ, ನೋಡುವ ಮೊದಲೇ ಅದು ಮೋರಿಗೆ ಹರಿದು ಹೋಗಿತ್ತು. ಈಗ ಎದೆಯ ಮೇಲೆ, ಕಣ್ಣಿಗೆ ಒಂದು ಗೇಣು ದೂರದಲ್ಲಿತ್ತು. ಬೆನ್ನ ಮೇಲೆ ತೆಳ್ಳಗೆ, ಕಂಕುಳು ಮತ್ತು ತೊಡೆಯ ಸಂದಿಗಳಲ್ಲಿ ದಪ್ಪಗೆ, ಈಗತಾನೆ ಕಡೆದು ತೆಗೆದ ಬೆಣ್ಣೆಯನ್ನು ಯಾರೋ ಬೆರಳಿನಿಂದ ಸವರಿದ ಹಾಗೆ. ಮುಟ್ಟಿದರೆ ಜಿಡ್ಡೆನಿಸಲಿಲ್ಲ, ತೇವವೆನಿಸಿತು. ವೈದ್ಯರು ಅದನ್ನು ವರ್ನಿಕ್ಸ್ ಎನ್ನುತ್ತಾರೆ. ಅದರಲ್ಲಿ ಶೇಕಡಾ 80ರಷ್ಟು ನೀರೇ ಇರುತ್ತದೆ, ಉಳಿದದ್ದು ಕೊಬ್ಬು ಮತ್ತು ಪ್ರೋಟೀನು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಸಿನ ಚರ್ಮವೇ ಅದನ್ನು ತಯಾರಿಸಿಕೊಳ್ಳುತ್ತದೆ. ದಿನ ತುಂಬಿ ಮೀರಿದ ಮಕ್ಕಳಲ್ಲಿ ಅದು ಕಡಿಮೆ, ಒಂದೆರಡು ವಾರ ಮೊದಲೇ ಹುಟ್ಟಿದವರಲ್ಲಿ ಹೆಚ್ಚು. ರೋಗಾಣುಗಳನ್ನು ಕೊಲ್ಲುವ ಲೈಸೊಜೈಮ್, ಲ್ಯಾಕ್ಟೊಫೆರಿನ್‌ನಂಥ ಪದಾರ್ಥಗಳು ಅದರಲ್ಲಿವೆ. ಇವೆರಡೂ ಎದೆಹಾಲಿನಲ್ಲಿಯೂ ಇರುತ್ತವೆ. ಅಂದರೆ ಒಳಗೆ ಹೋಗುವ ಹಾಲೂ ಹೊರಗಿನ ಲೇಪವೂ ಒಂದೇ ಕೆಲಸಕ್ಕೆ ನಿಂತಿವೆ.

ಮಗ ಎದೆಯ ಮೇಲೆ ಸುಮಾರು ನಲವತ್ತು ನಿಮಿಷ ಸುಮ್ಮನೆ ಬಿದ್ದಿದ್ದ. ಆಮೇಲೆ ತನ್ನ ಮುಷ್ಟಿಯನ್ನು ಮೂಸಿ, ನೆಕ್ಕಿ, ತಲೆ ಎತ್ತಿ ಹೊರಳಿಸಿ, ತಾನಾಗಿಯೇ ತೆವಳಿಕೊಂಡು ಬಂದು ಬಾಯಿ ಹಚ್ಚಿದ. ಅವನ ಕೈಗೆ ಅಂಟಿದ ಗರ್ಭದ ನೀರಿನ ವಾಸನೆಯೇ ಅವನಿಗೆ ದಾರಿ ತೋರುತ್ತದೆ, ಆದ್ದರಿಂದ ಕೈಗಳನ್ನು ಬೇಗ ತೊಳೆಯಬೇಡಿ ಎಂದು ಸಿಸ್ಟರ್ ಹೇಳಿದರು. ನಮ್ಮವರು ಮೊಬೈಲ್‌ನಲ್ಲಿ ಮೊದಲೇ ಓದಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಆಗ ನೆನಪಿಸಿದರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಒಂದು ಆಸ್ಪತ್ರೆಯಲ್ಲಿ ಮೊದಲ ಸ್ನಾನವನ್ನು 12 ಗಂಟೆಗಿಂತ ಮುಂದಕ್ಕೆ ಹಾಕಿದಾಗ, ಆಸ್ಪತ್ರೆಯಲ್ಲಿದ್ದಷ್ಟು ದಿನ ಎದೆಹಾಲನ್ನಷ್ಟೇ ಕುಡಿದ ಮಕ್ಕಳ ಪ್ರಮಾಣ ಶೇಕಡಾ 59.8ರಿಂದ 68.2ಕ್ಕೆ ಏರಿತೆಂದು 2019ರಲ್ಲಿ ಪ್ರಕಟವಾಗಿದೆ. ಲೆಕ್ಕ ಚೆನ್ನಾಗಿಯೇ ಇದೆ, ಆದರೆ ನನಗೆ ಆ ಹೊತ್ತಿಗೆ ಬೇಕಾದ ಪುರಾವೆ ಎದೆಯ ಮೇಲೆ ಚಪ್ಪರಿಸುತ್ತಿತ್ತು.

ಇಷ್ಟರವರೆಗೆ ಸುಲಭ. ಕಷ್ಟ ಶುರುವಾದದ್ದು ಹತ್ತು ಗಂಟೆಗೆ, ಹುಬ್ಬಳ್ಳಿಯಿಂದ ಅತ್ತೆಯವರು ಬಂದಾಗ. ಅವರು ಬಟ್ಟೆ ಸರಿಸಿ ನೋಡಿದರು, ಕೂದಲು ಅಂಟಂಟಾಗಿರುವುದನ್ನು ಕಂಡರು, ಕುತ್ತಿಗೆಯ ಮಡಿಕೆಯಲ್ಲಿ ಬಿಳಿ ಕೂತಿರುವುದನ್ನು ಕಂಡರು, ನನ್ನ ಕಡೆಗೆ ತಿರುಗದೆ ಅವ್ವನ ಕಡೆಗೆ ತಿರುಗಿ ಕೇಳಿದರು: "ಯಾಕ್ರಿ ಬೀಗರ, ಕೂಸಿಗೆ ಇನ್ನೂ ನೀರ ಹಾಕಿಲ್ಲ? ಮೈಲಿಗ್ಯಾಗ ಹಂಗ ಬಿಟ್ಟೀರಲ್ಲ!" ಅವರ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಿತ್ತು. ಅವರ ಲೆಕ್ಕದಲ್ಲಿ ಇದು ಬರಿಯ ಕೊಳೆಯ ಮಾತಲ್ಲ. ಮೊಮ್ಮಗ ಹುಟ್ಟಿದ ಸುದ್ದಿ ತಿಳಿದ ಕೂಡಲೇ ಅವರು ಜಂಗಮ ಗುರುಗಳಾದ ಅಯ್ಯನವರಿಗೆ ಫೋನ್ ಮಾಡಿಬಿಟ್ಟಿದ್ದರು. ಕೂಸಿಗೆ ಲಿಂಗ ಕಟ್ಟಬೇಕು. ನೀರು ಹಾಕದ ಕೂಸಿಗೆ ಲಿಂಗ ಕಟ್ಟುವುದು ಹೇಗೆ?

ಹೆರಿಗೆಯ ಸುಸ್ತಿನಲ್ಲಿ ನಾನು ವರ್ನಿಕ್ಸ್, 24 ತಾಸು, ಸಕ್ಕರೆ ಎಂದು ಏನೋ ಹೇಳಲು ಹೋದೆ. ಅವರಿಗೆ ಅದು ಕೇಳಿಸಲೇ ಇಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ಅವ್ವ ಮಾತ್ರ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದ ಮಾತು ನನ್ನನ್ನೂ ಬೆರಗುಗೊಳಿಸಿತು. "ನಾವ್ ಲಿಂಗವಂತರ ಅದೇವ್ರಿ ಬೀಗರ. ಜನನ ಸೂತಕ ಇಲ್ಲಂತ ಶರಣರು ಹೇಳ್ಯಾರೋ ಇಲ್ಲೋ? ಹಂಗಾದ್ರ ಹುಟ್ಟಿದ ಕೂಸಿಗೆ ಮೈಲಿಗಿ ಎಲ್ಲಿಂದ ಬಂತು?" ಜನನ, ಮರಣ, ರಜ, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು 12ನೆಯ ಶತಮಾನದ ಶರಣರು ಅಲ್ಲಗಳೆದದ್ದನ್ನು ನಾವು ಶಾಲೆಯಲ್ಲಿ ಓದಿ ಪರೀಕ್ಷೆ ಬರೆದಿದ್ದೇವೆ. ಅದನ್ನು ಹೆರಿಗೆ ವಾರ್ಡಿನಲ್ಲಿ ಬೀಗತಿಯ ಎದುರಿಗೆ ಬಳಸಬಹುದೆಂದು ನನಗೆ ಹೊಳೆದಿರಲಿಲ್ಲ.

ಅತ್ತೆಯವರಿಗೆ ಅದಕ್ಕೆ ಎದುರುತ್ತರ ಸಿಗಲಿಲ್ಲ, ಆದರೆ ಸಮಾಧಾನವೂ ಆಗಲಿಲ್ಲ. ಅವರನ್ನು ಒಪ್ಪಿಸಿದ್ದು ನಿಜವಾಗಿ ಸಿಸ್ಟರ್. ಅವರು ಅತ್ತೆಯವರ ಕೈ ಹಿಡಿದು, ಕೈಯ ಹಿಂಬದಿಯಿಂದ ಮೊದಲು ಕೂಸಿನ ಹೊಟ್ಟೆಯನ್ನು, ಆಮೇಲೆ ಪಾದವನ್ನು ಮುಟ್ಟಿಸಿದರು. "ಹೊಟ್ಟಿ, ಪಾದ ಎರಡೂ ಬೆಚ್ಚಗ ಅದಾವಂದ್ರ ಕೂಸು ಆರಾಮ ಐತಿ. ಹೊಟ್ಟಿ ಬೆಚ್ಚಗಿದ್ದು ಪಾದ ತಣ್ಣಗಾದ್ರ ಥಂಡಿ ಹತ್ತೇತಿ ಅಂತ. ಎರಡೂ ತಣ್ಣಗಾದ್ರ ನಮ್ಮನ್ನ ಓಡಿ ಬಂದು ಕರೀರಿ." ಆ ದಿನವಿಡೀ ಅತ್ತೆಯವರು ಅರ್ಧ ತಾಸಿಗೊಮ್ಮೆ ಮುಟ್ಟಿ ನೋಡುವ ಕೆಲಸ ಹಿಡಿದರು. ಕಾವಲಿಗೆ ನಿಲ್ಲಿಸಿದ ಮೇಲೆ ಅವರೇ ಕೂಸನ್ನು ಯಾರಿಗೂ ಕೊಡದಾದರು. ಮಧ್ಯಾಹ್ನ ನೋಡಲು ಬಂದ ಸಂಬಂಧಿಕರೊಬ್ಬರು ಮೂಗು ಮುರಿದಾಗ, "ಅದು ದೇವರು ಹಚ್ಚಿದ ಬೆಣ್ಣಿ, ಆರಲಿ" ಎಂದದ್ದೂ ಅವರೇ.

ಲಿಂಗ ಕಟ್ಟುವ ಮುಹೂರ್ತವನ್ನು ಗುರುವಾರಕ್ಕೆ ಹಾಕಲಾಯಿತು. ಅಯ್ಯನವರು ಫೋನಿನಲ್ಲಿ ಎರಡು ಮಾತಿಗೆ ಒಪ್ಪಿಕೊಂಡರು. ಎಲ್ಲರಿಗಿಂತ ಕಡಿಮೆ ಗದ್ದಲ ಮಾಡಿದವರು ಅವರೇ ಎನ್ನಬೇಕು.

24ನೆಯ ಗಂಟೆ ಬಂದದ್ದು ಬುಧವಾರ ನಸುಕಿನ 4 ಗಂಟೆ 20ಕ್ಕೆ. ವಾರ್ಡಿನ ಕಿಟಕಿಗಳ ಸಂದಿಯಿಂದ ಜನವರಿಯ ಗಾಳಿ ನುಗ್ಗುತ್ತಿತ್ತು, ಅವ್ವ ಕೆಳಗೆ ಕೌದಿ ಹೊದ್ದು ಮಲಗಿದ್ದಳು. ಮೇಡಂ ಹೇಳಿದ ಗಡುವು ಮುಗಿಯಿತಲ್ಲ ಎಂದು ನಾನು ಗಡಿಯಾರ ನೋಡಿ ಒಬ್ಬಳೇ ನಕ್ಕೆ. ಎಷ್ಟೋ ಮಂದಿ ಈ 24 ತಾಸನ್ನು ಮುಹೂರ್ತದಂತೆ ಹಿಡಿಯುತ್ತಾರೆ. ತಾಸು ತುಂಬಿತು, ಇನ್ನು ನೀರು ಹಾಕಲೇಬೇಕು ಎನ್ನುತ್ತಾರೆ. ಹಾಗಲ್ಲ. ಅದಕ್ಕಿಂತ ಮುಂಚೆ ಬೇಡ ಎಂದಷ್ಟೇ ಅದರ ಅರ್ಥ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿರಬೇಕು, ಮೈಶಾಖ ನಿಂತಿರಬೇಕು, ಗಾಳಿಯಾಡದ ಬೆಚ್ಚಗಿನ ಕೋಣೆ ಸಿಗಬೇಕು. ಆಸ್ಪತ್ರೆಯಲ್ಲಿ ಅಂಥ ಕೋಣೆ ಇರಲಿಲ್ಲವಾದ್ದರಿಂದ ಮನೆಗೆ ಹೋಗುವವರೆಗೆ ಕಾಯಲು ಮೇಡಂ ಹೇಳಿದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲಿನ ಲೇಪ ತಾನಾಗಿಯೇ ಹೀರಿಕೊಂಡು ಹೋಗಿತ್ತು. ಕುತ್ತಿಗೆಯ ಮಡಿಕೆಯಲ್ಲಷ್ಟೇ ಸ್ವಲ್ಪ ಉಳಿದಿತ್ತು. ಚರ್ಮ ಒಂದಿಷ್ಟೂ ಬಿರಿದಿರಲಿಲ್ಲ. ಮಗಳ ಚರ್ಮ ಎರಡನೆಯ ದಿನಕ್ಕೇ ಹಳೆಯ ಕಾಗದದಂತೆ ಸುಲಿದದ್ದು ನೆನಪಾಯಿತು. ಅದಕ್ಕೆ ಸೋಪೇ ಕಾರಣವೆಂದು ನಾನು ಖಂಡಿತವಾಗಿ ಹೇಳಲಾರೆ, ಎಷ್ಟೋ ಮಕ್ಕಳಿಗೆ ಚರ್ಮ ಹಾಗೆಯೂ ಸುಲಿಯುತ್ತದೆ.

ಗುರುವಾರ ಮುಂಜಾನೆ ಎಂಟೂವರೆಗೆ ಆಸ್ಪತ್ರೆಯಿಂದ ಹೊರಟೆವು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಜನವರಿಯೆಂದರೆ ಸುಗ್ಗಿ. ಚೀಲ ಹೇರಿದ ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ನಮ್ಮ ಗಾಡಿ ಊರು ಮುಟ್ಟುವುದರೊಳಗೆ ಎಲ್ಲರಿಗೂ ಸೀನು ಬಂದಿತ್ತು. ಕೂಸಿನ ಮುಖಕ್ಕೆ ನನ್ನ ಸೆರಗು ಮುಚ್ಚಿಕೊಂಡೇ ಬಂದೆ.

ಮನೆಯಲ್ಲಿ ಎರೆಯಲು ಓಣಿಯ ದೊಡ್ಡವ್ವ ಬಂದು ಕುಳಿತಿದ್ದಳು. ನನಗೂ, ನನ್ನ ತಮ್ಮನಿಗೂ ಎರೆದ ಕೈ ಅದು. ಅವಳು ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುತ್ತಾಳೆ, ಬುಧವಾರ ಸಂಜೆಯವರೆಗೂ ಅದೇ ಕೆಲಸ ಮಾಡಿದ್ದಳು. ಕೈ ನೋಡಿದರೆ ಬೆರಳ ತುದಿಗಳು ಕೆಂಪೇರಿ ಹೊಳೆಯುತ್ತಿದ್ದವು. ಆ ಕೈಯಿಂದ ಕೂಸಿನ ಕಣ್ಣು, ಮೂಗು ಒರೆಸುವುದೆಂದರೆ ನನಗೆ ಎದೆ ನಡುಗಿತು, ಹೇಳಲು ಬಾಯಿ ಬರಲಿಲ್ಲ. ಆದರೆ ಅವಳು ನಾನು ಹೇಳುವವರೆಗೆ ಕಾಯಲಿಲ್ಲ. ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರುವಿಕೊಂಡು, ಉಗುರಿನ ಸಂದಿಗೆಲ್ಲ ತಿಕ್ಕಿ, ಒಣ ಅರಿವೆಯಿಂದ ಒರೆಸಿ, ಆಮೇಲೆ ಸೋಪಿನಿಂದ ತೊಳೆದಳು. ಹೀಗೆ ಮೂರು ಸಲ. "ಖಾರ ನೀರಿಗೆ ಹೋಗೂದಿಲ್ಲ ತಂಗಿ, ಎಣ್ಣಿಗೆ ಹೋಗತೈತಿ" ಎಂದಳು. ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ರಸಾಯನಶಾಸ್ತ್ರ ಓದಿ ಪದವಿ ಪಡೆದ ನನಗೆ ಅದು ಅವಳ ಬಾಯಿಂದ ಬರಬೇಕಾಯಿತು.

ಮೂರನೆಯ ದಿನದ ಭೇಟಿಗೆ ಆಶಾ ಕಾರ್ಯಕರ್ತೆ ಅದೇ ಹೊತ್ತಿಗೆ ಬಂದರು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಅವರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡಬೇಕು. ಜೋಳಿಗೆಯ ತಕ್ಕಡಿಯಲ್ಲಿ ತೂಗಿದಾಗ 2 ಕಿಲೋ 550 ಗ್ರಾಂ ಬಂತು. ಅತ್ತೆಯವರು ಗಾಬರಿಯಾದರು, ಮೊದಲ ವಾರದಲ್ಲಿ ಮಕ್ಕಳು ಸ್ವಲ್ಪ ಇಳಿದೇ ಏರುತ್ತವೆ ಎಂದು ಆಶಾ ತಿಳಿಸಿದರು. ಎರಡು ಕಿಲೋಗಿಂತ ಕಡಿಮೆ ಇದ್ದಿದ್ದರೆ ಇಂದೂ ನೀರು ಬೇಡವೆನ್ನುತ್ತಿದ್ದೆ ಎಂದೂ ಸೇರಿಸಿದರು. ಕಂಕುಳ ಶಾಖ 36.8 ಇತ್ತು.

ಬಚ್ಚಲಮನೆಯ ಕಿಟಕಿಗೆ ಗೋಣಿತಟ್ಟು ಕಟ್ಟಿದ್ದರು, ಹಂಡೆಯ ಒಲೆ ಮುಂಜಾನೆಯಿಂದ ಉರಿದಿದ್ದರಿಂದ ಒಳಗೆ ಕಾಲಿಟ್ಟರೆ ಬೆವರುವಂತಿತ್ತು. ಹೊಗೆ ಹೊರಗೆ ಹೋಗಲು ಗೂಡು ಇದೆ. ಕೆಂಡದ ಶೇಗಡಿಯನ್ನು ಒಳಗೆ ತಂದಿಡುವ ಅತ್ತೆಯವರ ಸಲಹೆಗೆ ನಮ್ಮವರು ಒಪ್ಪಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಲೋಬಾನದ ಹೊಗೆಯ ವಿಷಯದಲ್ಲಿಯೂ ದೊಡ್ಡ ಚರ್ಚೆಯಾಗಿ, ಕಡೆಗೆ ಕೂಸಿನ ಬಟ್ಟೆಗಳಿಗೆ ಹೊರಗೆ ಹಿಡಿಯುವುದು, ಕೂಸಿಗೆ ಹಿಡಿಯಬಾರದು ಎಂದು ತೀರ್ಮಾನವಾಯಿತು. ಕಡಲೆಹಿಟ್ಟು, ಅರಿಷಿಣಗಳನ್ನು ದೊಡ್ಡವ್ವ ತಾನಾಗಿಯೇ ಬದಿಗಿಟ್ಟಳು. ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿರಲಿಲ್ಲ. "ಇವತ್ತ ಬರೇ ನೀರು" ಎಂದಳು.

ತಾಮ್ರದ ಹರಿಯಾಣದಲ್ಲಿ ಮೊದಲು ತಣ್ಣೀರು ಸುರುವಿ, ಮೇಲೆ ಬಿಸಿನೀರು ಬೆರೆಸಿದಳು. ಖಾರ ಹತ್ತಿದ ಅಂಗೈಗೆ ಬಿಸಿಯ ಅಂದಾಜು ಸಿಗುವುದಿಲ್ಲ, ಉಗುರುಬೆಚ್ಚಗಿನ ನೀರೂ ಉರಿಯುತ್ತದೆ. ಆದ್ದರಿಂದ ಅವಳು ಕೈ ಅದ್ದಲೇ ಇಲ್ಲ, ಬಾಗಿ ಮೊಳಕೈಯನ್ನು ನೀರಿನಲ್ಲಿ ಮುಳುಗಿಸಿ ಒಂದು ಕ್ಷಣ ಕಣ್ಣು ಮುಚ್ಚಿದಳು. ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ಆಶಾ ಅವರಿಗೆ ತರಬೇತಿಯಲ್ಲಿ ಕಲಿಸಿದ್ದೂ ಮೊಳಕೈಯನ್ನೇ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದ ರೀತಿ ನೋಡುವಂತಿತ್ತು.

ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಮೊಣಕಾಲಿನ ಕೆಳಗೆ ಎರಡು ಕಾಲುಗಳ ನಡುವಿನ ತೊಟ್ಟಿಲಿನಲ್ಲಿ ಕೂಸನ್ನು ಮಲಗಿಸಿಕೊಂಡಳು. ಮೊದಲು ಒದ್ದೆ ಅರಿವೆಯಿಂದ ಮುಖ, ಕಣ್ಣಿನ ಒಳತುದಿಯಿಂದ ಹೊರಕ್ಕೆ. ಆಮೇಲೆ ಕುತ್ತಿಗೆ, ಕಂಕುಳು, ತೊಡೆಸಂದಿ. ಬೋರಲು ಹಾಕಿ ಬೆನ್ನ ಮೇಲೆ ತಂಬಿಗೆಯಿಂದ ಸಣ್ಣ ಧಾರೆ. ಮಗ ಅಳುತ್ತಾನೆಂದು ನಾನು ಹೊಸ್ತಿಲಲ್ಲಿ ಹಲ್ಲು ಕಚ್ಚಿ ಕುಳಿತಿದ್ದೆ. ಮೊದಲ ಧಾರೆಗೆ ಅವನು ಬೆಚ್ಚಿ ಹತ್ತೂ ಬೆರಳು ಬಿಡಿಸಿದ, ಎರಡನೆಯದಕ್ಕೆ ಮುಷ್ಟಿ ಕಟ್ಟಿದ, ಮೂರನೆಯದಕ್ಕೆ ಸುಮ್ಮನಾದ. ತಲೆಗೆ ಎಲ್ಲಕ್ಕಿಂತ ಕೊನೆಯಲ್ಲಿ ನೀರು ಹಾಕಿದಳು, ಒರೆಸುವಾಗ ಎಲ್ಲಕ್ಕಿಂತ ಮೊದಲು ತಲೆ ಒರೆಸಿದಳು. ಹೊಕ್ಕುಳ ಬಳ್ಳಿಯ ಬುಡದ ತೇವವನ್ನು ಒಣ ಅರಿವೆಯ ಮೂಲೆಯಿಂದ ಒತ್ತಿ ತೆಗೆದು, ಏನನ್ನೂ ಹಚ್ಚದೆ ಬಿಟ್ಟಳು. ಆಶಾ ಅವರ ಗಡಿಯಾರದಂತೆ ಒಟ್ಟು ಆರು ನಿಮಿಷ. ಆಗ ಹನ್ನೆರಡು ಗಂಟೆ, ಹುಟ್ಟಿ 56 ಗಂಟೆಗೆ ಸ್ವಲ್ಪ ಕಡಿಮೆ. ರಾಹುಕಾಲ ಒಂದೂವರೆಗೆ, ಅತ್ತೆಯವರಿಗೆ ಅದೂ ಸರಿಹೋಯಿತು.

ಎರೆದ ಕೂಡಲೇ ಶಾಖ ನೋಡಿದಾಗ 36.5 ಇತ್ತು. ಬಿಸಿನೀರು, ಬೆವರುವ ಕೋಣೆ, ಪಳಗಿದ ಕೈ, ಆರೇ ನಿಮಿಷ, ಇಷ್ಟೆಲ್ಲ ಇದ್ದೂ ಮೂರು ದಿನದ ಕೂಸು ಅಷ್ಟು ಇಳಿದಿತ್ತು. ಮುಕ್ಕಾಲು ತಾಸಿನ ಕೂಸಿಗೆ, ಆಸ್ಪತ್ರೆಯ ಕಲ್ಲುಕಟ್ಟೆಯ ಮೇಲೆ, ನಲ್ಲಿಯ ಕೆಳಗೆ ಏನಾಗಿರಬೇಕು ಎಂದು ಯೋಚಿಸಿದೆ. ಬರಿಮೈಯಲ್ಲಿ ಎದೆಗವಚಿಕೊಂಡು ಕೌದಿ ಹೊದ್ದು ಕುಳಿತೆ. ಹಾಲು ಕುಡಿದು, ಅಯ್ಯನವರು ಲಿಂಗ ಕಟ್ಟುವಾಗಲೂ ಎಚ್ಚರಗೊಳ್ಳದೆ ಮಲಗಿದ. ಒಂದು ತಾಸಿನ ಮೇಲೆ ಮತ್ತೆ 36.8.

ಹೊಕ್ಕುಳ ಬಳ್ಳಿ ಒಂಬತ್ತನೆಯ ದಿನ ಬಿತ್ತು, ಅಲ್ಲಿಯವರೆಗೆ ದೊಡ್ಡವ್ವ ದಿನ ಬಿಟ್ಟು ದಿನ ಒರೆಸಿ ಹೋಗುತ್ತಿದ್ದಳು, ಆಮೇಲೆ ಎಣ್ಣೆ ತಿಕ್ಕಿ ಎರೆಯಲು ಶುರುಮಾಡಿದಳು. ಮೊದಲ ನೀರಿನ ದಿನ ಅವಳಿಗೆ ಸೀರೆ, ಕುಬಸದ ಕಣ, ತೆಂಗಿನಕಾಯಿ ಕೊಡುವುದು ರೂಢಿ. ಅವ್ವ ಉಡಿ ತುಂಬಲು ಹೋದಾಗ ಅವಳು ಸೆರಗು ಒಡ್ಡಿದವಳು ಹಿಂದೆ ಎಳೆದುಕೊಂಡಳು. "ಮೂರ ದಿನಾ ಕಾಯಿಸೀರಿ ನನ್ನ. ಮೆಣಸಿನಕಾಯಿ ಪಗಾರ ಬಿಟ್ಟು ಕುಂತೇನಿ. ಇನ್ನೊಂದ ಕಣ ಹಾಕ್ರಿ" ಎಂದಳು. ಅತ್ತೆಯವರು ತಮ್ಮ ಚೀಲದಿಂದ ಗುಳೇದಗುಡ್ಡದ ಕಣವೊಂದನ್ನು ತೆಗೆದು ಅವಳ ಉಡಿಗೆ ಹಾಕಿದರು.